ಸ್ಟಾರ್ಟಪ್ ಊರಿನ ಮೊದಲ ಉದ್ಯಮಿ: ಕೆಂಪೇಗೌಡರಿಂದ ನಾವು ಕಲಿಯದೆ ಬಿಟ್ಟ ಪಾಠ

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2022ರ ನವೆಂಬರ್‌ನಿಂದ 108 ಅಡಿ ಎತ್ತರದ ಕೆಂಪೇಗೌಡರು ನಿಂತಿದ್ದಾರೆ. ಕೈಯಲ್ಲಿ ಕತ್ತಿ. ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು, ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೂ ಅವರದೇ ಹೆಸರು, ಅಲ್ಲಿನ ಮೆಟ್ರೊ ನಿಲ್ದಾಣಕ್ಕೂ ಅವರದೇ. ಇಷ್ಟು ಕಡೆ ಹೆಸರಿರುವ ಮನುಷ್ಯ ಮಾಡಿದ್ದೇನು ಅಂತ ಕೇಳಿದರೆ ಬೆಂಗಳೂರು ಕಟ್ಟಿದರು ಅನ್ನುತ್ತೇವೆ, ಅಲ್ಲಿಗೆ ಮಾತು ಮುಗಿಯುತ್ತೆ. ಊರು ಕಟ್ಟೋದು ಅಂದರೆ ಏನು? ಅದಕ್ಕೆ ದುಡ್ಡು ಎಲ್ಲಿಂದ ಬಂತು? ಯಾರ ಅನುಮತಿ ಬೇಕಿತ್ತು? ಎಲ್ಲೆಲ್ಲಿಂದಲೋ ಜನ ಬಂದು ಇಲ್ಲೇ ಯಾಕೆ ಅಂಗಡಿ ಹಾಕಿದರು? ಇದನ್ನು ಯಾರೂ ಕೇಳೋದಿಲ್ಲ.

ನಾನು ಈಗ ಇದನ್ನು ಕೇಳೋಕೆ ಕಾರಣ ಇದೆ. ಹೆಬ್ಬಾಳದಿಂದ ಯಲಹಂಕದವರೆಗೆ ಯಾವ ಕಾಲೇಜಿಗೆ ಹೋದರೂ ಉದ್ಯಮಶೀಲತೆಯ ಬಗ್ಗೆ ಒಂದು ಭಾಷಣ ಇದ್ದೇ ಇರುತ್ತೆ. ಉದ್ಯಮಿಗೆ ಬೇಕಾದ ಗುಣಗಳ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ರಿಸ್ಕ್ ತಗೊಳ್ಳೋ ಧೈರ್ಯ, ದೂರದೃಷ್ಟಿ, ನಾಯಕತ್ವ, ಬಿದ್ದರೂ ಏಳುವ ಛಲ. ಕೆಂಪೇಗೌಡರ ಬದುಕಿನಲ್ಲಿ ಇವೆಲ್ಲ ಇದ್ದವು. ಆದರೆ ಅವರ ಊರು ಇವತ್ತಿನವರೆಗೂ ವ್ಯಾಪಾರ ಮಾಡುತ್ತಿರೋದು ಈ ಗುಣಗಳಿಂದ ಮಾತ್ರ ಅಂತ ನನಗನ್ನಿಸಲ್ಲ. ಬೇರೆಯವರು ಬಂದು ದುಡಿಯೋಕೆ ಒಂದು ನೆಲೆ ಮಾಡಿಕೊಟ್ಟಿದ್ದು ಅವರ ದೊಡ್ಡ ಕೆಲಸ. ಆ ಕೆಲಸದ ಹೆಸರು ನಮ್ಮ ಪಟ್ಟಿಯಲ್ಲಿ ಇಲ್ಲ.

ವಲಸೆ ಬಂದ ಮನೆತನ

ಕೆಂಪೇಗೌಡರ ಪೂರ್ವಿಕರು ಈ ಊರಿನವರಲ್ಲ. ಮೊರಸು ಒಕ್ಕಲಿಗರ ಆ ಕುಟುಂಬ ಕಂಚಿಯ ಕಡೆಯಿಂದ ಬಂದದ್ದು ಅನ್ನುತ್ತದೆ ಐತಿಹ್ಯ. ಅಲ್ಲಿನ ಪಾಳೆಯಗಾರನೊಬ್ಬ ಮನೆಮಗಳನ್ನು ಬಲವಂತವಾಗಿ ಮದುವೆಯಾಗಲು ಹೊರಟಾಗ ಅಣ್ಣತಮ್ಮಂದಿರು ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಹೊರಟು, ಹೊಳೆ ದಾಟಿ, ನಂದಿಬೆಟ್ಟದ ಆಸುಪಾಸಿನ ಆವತಿಗೆ ಬಂದು ನೆಲೆ ನಿಂತರಂತೆ. ಆವತಿಯಿಂದ ಆ ಬಳಗ ಸುತ್ತಲೂ ಹರಡಿತು. ದೇವನಹಳ್ಳಿಯಲ್ಲಿ 1501ರಲ್ಲಿ ಕೋಟೆ ಕಟ್ಟಿದ ಮಲ್ಲಬೈರೇಗೌಡ ಇದೇ ಬಳಗದವನು. ಇನ್ನೊಂದು ಕವಲು ಯಲಹಂಕಕ್ಕೆ ಬಂತು. ವಿಜಯನಗರದ ಅರಸರಿಗೆ ಕಪ್ಪ ಕೊಟ್ಟುಕೊಂಡು ಯಲಹಂಕ ನಾಡನ್ನು ಆಳಿತು. ಕೆಂಪನಂಜೇಗೌಡರ ಮಗ ಕೆಂಪೇಗೌಡರು ಹುಟ್ಟಿದ್ದು ಈ ಕವಲಿನಲ್ಲಿ.

ಬೆಂಗಳೂರಿಗೆ ಹೊರಗಿನಿಂದ ಬಂದವರು ಯಾರು ಅಂತ ಇವತ್ತು ಬೀದಿಯಲ್ಲಿ ಜಗಳ ಆಡುತ್ತೇವೆ. ಬೆಂಗಳೂರನ್ನು ಕಟ್ಟಿದ ಮನೆತನವೇ ಜೀವ ಮತ್ತು ಮಾನ ಉಳಿಸಿಕೊಳ್ಳೋಕೆ ಬಂಡಿಯಲ್ಲಿ ಬಂದ ಮನೆತನ ಅನ್ನೋದು ಈ ಜಗಳದಲ್ಲಿ ನೆನಪಿಗೆ ಬರಬೇಕು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಂಪೇಗೌಡರು ಬರಿಗೈಯಲ್ಲಿ ಶುರು ಮಾಡಿದವರಲ್ಲ. ಅವರಿಗೆ ಆಳುವ ಮನೆತನ ಇತ್ತು, ಭೂಮಿಯ ಆದಾಯ ಇತ್ತು, ವಿಜಯನಗರದ ದರ್ಬಾರಿನಲ್ಲಿ ಪರಿಚಯ ಇತ್ತು. ಹೆಸರಘಟ್ಟ ಬಳಿಯ ಐಗಂಡಪುರದ ಗುರುಕುಲದಲ್ಲಿ ಅವರು ಓದಿದರು ಅಂತ ಹೇಳುತ್ತಾರೆ. ಆ ಕಾಲದಲ್ಲಿ ಓದು ಎಷ್ಟು ಜನರಿಗೆ ಸಿಗುತ್ತಿತ್ತು ಅಂತ ನಮಗೆ ಗೊತ್ತು. ರಿಸ್ಕ್ ತಗೋ ಅಂತ ಹುಡುಗರಿಗೆ ಹೇಳುವ ಮುಂಚೆ, ಬಿದ್ದರೆ ಹಿಡಿಯೋಕೆ ಕೆಳಗೆ ಏನಿದೆ ಅಂತ ನೋಡಬೇಕು. ಕೆಂಪೇಗೌಡರ ಕೆಳಗೆ ಒಂದು ನಾಡೇ ಇತ್ತು.

ಜಾಗ ಆರಿಸಿದ ಕಣ್ಣು

ಅವರು ಬರುವ ಮುಂಚೆ ಇಲ್ಲಿ ಏನೂ ಇರಲಿಲ್ಲ ಅನ್ನೋದೂ ಸುಳ್ಳು. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿಟ್ಟಯ್ಯನ ವೀರಗಲ್ಲು ಸಿಕ್ಕಿದೆ. ಒಂಬತ್ತನೇ ಶತಮಾನದ ಬೇಗೂರಿನ ಶಾಸನದಲ್ಲಿ ಬೆಂಗಳೂರು ಅನ್ನೋ ಹೆಸರೇ ಇದೆ. ಯಲಹಂಕದ ಹೆಸರು ಚೋಳರ ಕಾಲದ ಶಾಸನಗಳಲ್ಲಿ ಬರುತ್ತೆ. ಕೊಡಿಗೇಹಳ್ಳಿ ಪಕ್ಕದಲ್ಲಿ ಹಳೇಬೆಂಗಳೂರು ಅನ್ನೋ ಊರಿತ್ತು. ಕೆಂಪೇಗೌಡರ ತಾಯಿಯೂ ಹೆಂಡತಿಯೂ ಆ ಊರಿನವರು, ಅದಕ್ಕೇ ತಮ್ಮ ಹೊಸ ಊರಿಗೆ ಅದೇ ಹೆಸರಿಟ್ಟರು ಅನ್ನೋದು ಹಿಂದಿನಿಂದ ಬಂದ ಮಾತು. ಅಂದರೆ ಊರಿನ ಹೆಸರು ಹೆಣ್ಣಿನ ತವರಿನದು. ಊರಿನ ಕಥೆ ಮಾತ್ರ ಗಂಡಸಿನದಾಗಿ ಉಳಿಯಿತು.

ತಲೆತಲಾಂತರದಿಂದ ಬಂದ ಯಲಹಂಕವನ್ನು ಬಿಟ್ಟು ಹೊಸ ಜಾಗಕ್ಕೆ ಹೋಗೋದು ಸಣ್ಣ ತೀರ್ಮಾನ ಅಲ್ಲ. ಅವರು ಆರಿಸಿದ್ದು ದಿಬ್ಬದ ಮೇಲಿನ ನೆಲ. ಇಲ್ಲಿ ದೊಡ್ಡ ನದಿ ಇಲ್ಲ. ಬಿದ್ದ ಮಳೆ ಒಂದು ಕಡೆ ವೃಷಭಾವತಿಯ ಮೂಲಕ ಅರ್ಕಾವತಿಗೆ ಹೋಗುತ್ತೆ. ಇನ್ನೊಂದು ಕಡೆ ಹೆಬ್ಬಾಳ ಮತ್ತು ಕೋರಮಂಗಲದ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಇಳಿಯುತ್ತೆ. ಊರನ್ನು ಕಾಯೋಕೆ ಎತ್ತರ ಒಳ್ಳೆಯದು, ಕುಡಿಯೋ ನೀರಿಗೆ ಕಷ್ಟ. ಆ ಕಷ್ಟ ಗೊತ್ತಿದ್ದೂ ಅವರು ಅಲ್ಲೇ ಕಟ್ಟಿದರು.

ಕಟ್ಟೋಕೆ ಮುಂಚೆ ಅನುಮತಿ ಬೇಕಿತ್ತು. ಆಗ ವಿಜಯನಗರದ ಸಿಂಹಾಸನದ ಮೇಲಿದ್ದವನು ಅಚ್ಯುತರಾಯ. ಕೆಂಪೇಗೌಡರು ಅವನ ಒಪ್ಪಿಗೆ ಪಡೆದರು, ಜೊತೆಗೆ ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ, ಕುಂಬಳಗೋಡು ಮುಂತಾದ ಹೋಬಳಿಗಳ ಆದಾಯವನ್ನೂ ಪಡೆದರು. ವರ್ಷಕ್ಕೆ 30,000 ವರಹ ಅಂತ ಚರಿತ್ರೆಯ ಪುಸ್ತಕಗಳು ಲೆಕ್ಕ ಕೊಡುತ್ತವೆ. ಇವತ್ತಿನ ಮಾತಿನಲ್ಲಿ ಇದೇ ಅವರ ಬಂಡವಾಳ. ಅದು ಆ ಹೋಬಳಿಗಳ ರೈತರು ಕಟ್ಟಿದ ಕಂದಾಯ ಅನ್ನೋದನ್ನು ಮರೆಯಬಾರದು. ಬೆಂಗಳೂರಿನ ಮೊದಲ ಹೂಡಿಕೆದಾರರು ಅಂತ ಯಾರನ್ನಾದರೂ ಕರೆಯೋದಾದರೆ ಅವರನ್ನೇ ಕರೆಯಬೇಕು.

1537ರಲ್ಲಿ ಕೆಲಸ ಶುರುವಾಯಿತು. ಈಗಿನ ಅವೆನ್ಯೂ ರಸ್ತೆ ಮತ್ತು ಚಿಕ್ಕಪೇಟೆ ಕೂಡುವ ಜಾಗದಲ್ಲಿ ಎತ್ತುಗಳನ್ನು ಹೂಡಿ ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದರು, ಆ ಸಾಲುಗಳೇ ಬೀದಿಗಳಾದವು ಅನ್ನೋ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಉತ್ತರ ದಕ್ಷಿಣಕ್ಕೆ ದೊಡ್ಡಪೇಟೆ, ಪೂರ್ವ ಪಶ್ಚಿಮಕ್ಕೆ ಚಿಕ್ಕಪೇಟೆ. ಸುತ್ತ ಮಣ್ಣಿನ ಕೋಟೆ, ಹೊರಗೆ ಕಂದಕ. ಕೋಟೆಯ ಬಾಗಿಲುಗಳಿಗೆ ದಾರಿ ಹೋಗುವ ಊರುಗಳ ಹೆಸರು. ಈಗಿನ ಮೈಸೂರು ಬ್ಯಾಂಕ್ ವೃತ್ತದ ಹತ್ತಿರ ಇದ್ದದ್ದು ಯಲಹಂಕ ಬಾಗಿಲು. ಬಿಟ್ಟು ಬಂದ ಊರಿನ ದಾರಿ ಮುಚ್ಚಲಿಲ್ಲ.

ನೀರಿನ ಲೆಕ್ಕ

ಬೀದಿ ಹಾಕಿದರೆ ಊರಾಗಲ್ಲ. ಕುಡಿಯೋಕೆ, ದನಕ್ಕೆ, ಬಣ್ಣ ಹಾಕೋರಿಗೆ, ಮಡಕೆ ಮಾಡೋರಿಗೆ, ಎಲ್ಲರಿಗೂ ನೀರು ಬೇಕು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳನ್ನು ಕೆಂಪೇಗೌಡರ ಹೆಸರಿನ ಜೊತೆಗೇ ಹೇಳುತ್ತಾರೆ. ಹೆಬ್ಬಾಳ ಕೆರೆಯನ್ನೂ ಅವರ ಕಾಲಕ್ಕೇ ಸೇರಿಸುವವರು ಇದ್ದಾರೆ.

ನಮ್ಮ ಕಡೆಯ ಕೆರೆ ಅಂದರೆ ಬರೀ ಗುಂಡಿಯಲ್ಲ. ಇಳಿಜಾರಿಗೆ ಅಡ್ಡ ಏರಿ ಕಟ್ಟಿ ಮಳೆನೀರು ನಿಲ್ಲಿಸಬೇಕು. ಗದ್ದೆಗೆ ನೀರು ಬಿಡೋಕೆ ತೂಬು ಇಡಬೇಕು. ಹೆಚ್ಚಾದ ನೀರು ಕೋಡಿ ಹರಿದು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರಬೇಕು. ಯಲಹಂಕ ಕೆರೆಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ ಹೋಗುವುದು ಹೀಗೇ. ಮೇಲಿನ ಕೆರೆಯವನು ಕಾಲುವೆ ಮುಚ್ಚಿದರೆ ಕೆಳಗಿನವನಿಗೆ ನೀರಿಲ್ಲ, ಕೆಳಗಿನವನು ಅಡ್ಡ ಕಟ್ಟಿದರೆ ಮೇಲಿನವನ ಮನೆಗೆ ನೀರು ನುಗ್ಗುತ್ತೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳೋಕೆ ನೀರುಗಂಟಿ ಇರುತ್ತಿದ್ದ. ಮಣ್ಣು ಅಗೆದು ಏರಿ ಹಾಕುವ ಕಸುಬು ಈ ಸೀಮೆಯಲ್ಲಿ ಒಡ್ಡರದು. ಕೆರೆಗೆ ರಾಜನ ಹೆಸರು ಬಂತು. ಬುಟ್ಟಿ ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ಬರಲಿಲ್ಲ.

ಆ ಕೆರೆಗಳಿಗೆ ನಾವು ಮಾಡಿದ್ದೇನು? ಧರ್ಮಾಂಬುಧಿ ಬತ್ತಿ ಬಸ್ ನಿಲ್ದಾಣವಾಯಿತು, ಆ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟೆವು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಇದೆ. 2021ರ ನವೆಂಬರ್‌ನಲ್ಲಿ ಒಮ್ಮೆ, 2024ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಯಲಹಂಕದ ಕೇಂದ್ರೀಯ ವಿಹಾರದ ಒಳಗೆ ನೀರು ನಿಂತು ಜನರನ್ನು ಹೊರಗೆ ಕರೆತರೋಕೆ ದೋಣಿ ಬೇಕಾಯಿತು. ಅವರ ಸ್ವಂತ ಯಲಹಂಕದಲ್ಲೇ ಹೀಗಾಯಿತು.

ಪೇಟೆ ಅನ್ನೋ ಯೋಚನೆ

ಕೋಟೆ ಕಟ್ಟಿದ ಪಾಳೆಯಗಾರರು ಆ ಕಾಲದಲ್ಲಿ ಹತ್ತಾರು ಜನ ಇದ್ದರು. ಕೆಂಪೇಗೌಡರನ್ನು ಬೇರೆ ಮಾಡಿದ್ದು ಪೇಟೆ. ಸುತ್ತಲಿನ ಸೀಮೆಗಳಿಂದ ಕಸುಬುದಾರರನ್ನೂ ವ್ಯಾಪಾರಿಗಳನ್ನೂ ಕರೆಸಿ ಒಂದೊಂದು ಕಸುಬಿಗೆ ಒಂದೊಂದು ಬೀದಿ ಕೊಟ್ಟರು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ. ಹೆಸರು ಕೇಳಿದರೆ ಸಾಕು, ಅಲ್ಲಿ ಯಾರಿದ್ದರು, ಏನು ಸಿಗುತ್ತಿತ್ತು ಅಂತ ಗೊತ್ತಾಗುತ್ತೆ.

ಇದರಲ್ಲಿ ವ್ಯಾಪಾರದ ಒಂದು ಸೂಕ್ಷ್ಮ ಇದೆ. ಒಂದೇ ಮಾಲು ಮಾರುವ ಇಪ್ಪತ್ತು ಅಂಗಡಿ ಅಕ್ಕಪಕ್ಕ ಇದ್ದರೆ ಎಲ್ಲರಿಗೂ ನಷ್ಟ ಅಂತ ಮೇಲುನೋಟಕ್ಕೆ ಕಾಣುತ್ತೆ. ಆಗೋದು ಬೇರೆ. ಹಳ್ಳಿಯಿಂದ ಬಂದವನಿಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುತ್ತೆ, ನಾಲ್ಕು ಕಡೆ ಬೆಲೆ ಕೇಳಿ ಕೊಳ್ಳುತ್ತಾನೆ, ಹಾಗಾಗಿ ಆ ಬೀದಿಗೆ ಜನ ಜಾಸ್ತಿ ಬರುತ್ತಾರೆ. ಒಂದು ಅಂಗಡಿಯಲ್ಲಿ ಮಾಲು ಮುಗಿದರೆ ಪಕ್ಕದ ಅಂಗಡಿಯಿಂದ ತಂದುಕೊಡಬಹುದು. ಹುಡುಗರು ಅಲ್ಲೇ ಕೂತು ಕೆಲಸ ಕಲಿಯುತ್ತಾರೆ. ಯಾರಿಗೆ ಸಾಲ ಕೊಡಬಹುದು, ಯಾರಿಗೆ ಕೊಡಬಾರದು ಅಂತ ಬೀದಿಗೇ ಗೊತ್ತಿರುತ್ತೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಇವತ್ತೂ ನಡೆಯೋದು ಇದೇ. ಇದನ್ನು ಯಾವ ಒಬ್ಬ ವ್ಯಾಪಾರಿಯೂ ತಾನೇ ಮಾಡಿಕೊಳ್ಳೋಕೆ ಆಗಲ್ಲ. ಜಾಗ, ದಾರಿ, ಕಾವಲು, ನೀರು ಕೊಡುವ ಒಂದು ಕೈ ಬೇಕು. ಆ ಕೈಯ ಕೆಲಸವನ್ನು ಕೆಂಪೇಗೌಡರು ಮಾಡಿದರು.

ಹಾಗಂತ ಪೇಟೆಯನ್ನು ಸ್ವರ್ಗ ಅಂತ ತೋರಿಸೋದೂ ಬೇಡ. ಕಸುಬಿಗೊಂದು ಬೀದಿ ಅಂದರೆ ಆ ಕಾಲದಲ್ಲಿ ಜಾತಿಗೊಂದು ಬೀದಿ. ಕುಂಬಾರರ ಮನೆಯ ಹುಡುಗ ನಗರ್ತಪೇಟೆಯಲ್ಲಿ ಅಂಗಡಿ ಇಡುವ ಮಾತೇ ಇರಲಿಲ್ಲ. ಯಾವ ಬೀದಿಯೂ ಸಿಗದೆ ಕೋಟೆಯ ಹೊರಗೇ ಉಳಿದವರೂ ಇದ್ದಿರಲೇಬೇಕು. ಪೇಟೆಯಿಂದ ಕಲಿಯಬೇಕಾದ್ದು ಎಲ್ಲರಿಗೂ ನೆಲೆ ಕೊಡುವ ಕ್ರಮ. ಹುಟ್ಟು ನೋಡಿ ನೆಲೆ ಹಂಚುವ ಕ್ರಮವನ್ನು ಅಲ್ಲೇ ಬಿಟ್ಟು ಬರಬೇಕು.

ಬಾಗಿಲ ಬಳಿಯ ಹೆಣ್ಣು

ಕೆಂಪೇಗೌಡರ ಕಥೆಯಲ್ಲಿ ನನ್ನನ್ನು ಬಹಳ ಕಾಡುವವಳು ಲಕ್ಷ್ಮೀದೇವಿ. ಕೋಟೆಯ ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತಂತೆ. ಗರ್ಭಿಣಿಯ ಬಲಿ ಕೊಟ್ಟರೆ ನಿಲ್ಲುತ್ತೆ ಅಂತ ಬಲ್ಲವರು ಹೇಳಿದರಂತೆ. ಕೆಂಪೇಗೌಡರು ಒಪ್ಪಲಿಲ್ಲವಂತೆ. ಆದರೆ ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮೀದೇವಿ ಯಾರಿಗೂ ಹೇಳದೆ ರಾತ್ರಿ ಹೋಗಿ ಬಾಗಿಲ ಬಳಿ ತನ್ನ ಪ್ರಾಣ ಕೊಟ್ಟಳಂತೆ. ಕೋರಮಂಗಲದಲ್ಲಿ ಅವಳ ಹೆಸರಿನ ಗುಡಿ ಮತ್ತು ಸಮಾಧಿ ಇವೆ.

ಇದು ಐತಿಹ್ಯ. ಇಂಥದೇ ಕಥೆಗಳು ಕರ್ನಾಟಕದ ಎಷ್ಟೋ ಕೆರೆಗಳ, ಕೋಟೆಗಳ ಬಗ್ಗೆ ಇವೆ. ತ್ಯಾಗ ಅಂತ ಅವಳನ್ನು ಹೊಗಳುವಾಗ ನನಗೆ ಒಂದು ಪ್ರಶ್ನೆ ಬರುತ್ತೆ. ಗಂಡಸರು ಶುರು ಮಾಡಿದ ಕೆಲಸ ಎಡವಿದಾಗ ಬೆಲೆ ಕಟ್ಟೋಳು ಯಾಕೆ ಮನೆಯ ಸೊಸೆ? ಕಥೆ ಕಟ್ಟಿದ ಜನಕ್ಕೂ ಇದು ಗೊತ್ತಿತ್ತು ಅನ್ನಿಸುತ್ತೆ, ಅದಕ್ಕೇ ಅವಳನ್ನು ಮರೆಯದೆ ಗುಡಿ ಕಟ್ಟಿ ಉಳಿಸಿಕೊಂಡರು. ಇವತ್ತು ಮಗ ಕಂಪನಿ ಶುರು ಮಾಡೋಕೆ ಅಡವಿಡೋದು ಅಮ್ಮನ ಒಡವೆ, ನಡೆಯೋದು ಹೆಂಡತಿಯ ಸಂಬಳದಲ್ಲಿ. ಕಂಪನಿ ಗೆದ್ದರೆ ಫೋಟೊದಲ್ಲಿ ಒಬ್ಬನೇ ಇರುತ್ತಾನೆ.

ನಾಣ್ಯ ಮತ್ತು ಸೆರೆ

ಪೇಟೆ ಬೆಳೆಯಿತು. ವ್ಯಾಪಾರ ಹೆಚ್ಚಾದರೆ ಚಿಲ್ಲರೆ ಬೇಕು. ಕೆಂಪೇಗೌಡರು ಭೈರವನ ಹೆಸರಿನಲ್ಲಿ ಸ್ವಂತ ನಾಣ್ಯ ಹೊಡೆಸಿದರು. ಟಂಕಸಾಲೆ ಇಡುವ ಹಕ್ಕು ಚಕ್ರವರ್ತಿಯದು, ಸಾಮಂತನದಲ್ಲ. ಅಕ್ಕಪಕ್ಕದ ಪಾಳೆಯಗಾರರಿಗೆ ಇವರ ಏಳಿಗೆ ಕಂಡು ಮೊದಲೇ ಹೊಟ್ಟೆಯುರಿ. ಚನ್ನಪಟ್ಟಣದ ಜಗದೇವರಾಯ ದೂರು ಕೊಟ್ಟನಂತೆ. ಆಗ ವಿಜಯನಗರದಲ್ಲಿ ಅಧಿಕಾರ ನಡೆಸುತ್ತಿದ್ದವನು ಅಳಿಯ ರಾಮರಾಯ. ಕೆಂಪೇಗೌಡರನ್ನು ಕರೆಸಿ ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟರು. ಐದು ವರ್ಷ. ಅವರ ನಾಡನ್ನೂ ಮುಟ್ಟುಗೋಲು ಹಾಕಿಕೊಂಡರು. ಕೊನೆಗೆ ದಂಡ ಕಟ್ಟಿ ಹೊರಬಂದರು, ನಾಡೂ ಮರಳಿ ಕೈಗೆ ಬಂತು.

ಸ್ಟಾರ್ಟಪ್ ಭಾಷಣಗಳಲ್ಲಿ ಮೊದಲು ಮಾಡು, ಆಮೇಲೆ ಅನುಮತಿ ಕೇಳು ಅನ್ನೋದನ್ನು ದೊಡ್ಡ ಗುಣ ಅಂತ ಹೇಳಿಕೊಡುತ್ತಾರೆ. ಕೆಂಪೇಗೌಡರು ಮಾಡಿದ್ದೂ ಅದನ್ನೇ. ಒಂದು ವ್ಯತ್ಯಾಸ ಇದೆ. ಗೆರೆ ದಾಟಿದ್ದಕ್ಕೆ ಶಿಕ್ಷೆ ಅನುಭವಿಸಿದ್ದು ಅವರ ಸ್ವಂತ ಮೈ. ಈಗ ಆ್ಯಪ್ ಕಂಪನಿಯೊಂದು ಕಾರ್ಮಿಕ ಕಾನೂನಿನ ಗೆರೆ ದಾಟಿದರೆ ಅನುಭವಿಸೋನು ಹೆಬ್ಬಾಳ ಫ್ಲೈಓವರ್ ಕೆಳಗೆ ಮಳೆಯಲ್ಲಿ ಬೈಕ್ ನಿಲ್ಲಿಸಿಕೊಂಡ ಡೆಲಿವರಿ ಹುಡುಗ. ರಿಸ್ಕ್ ಅನ್ನೋದು ಗುಣ ಆಗಬೇಕಾದರೆ ಅದು ತಗೊಂಡವನ ತಲೆ ಮೇಲೇ ಇರಬೇಕು.

ಈ ಐದು ವರ್ಷದಲ್ಲಿ ನನಗೆ ಇನ್ನೊಂದು ವಿಷಯ ಕಾಣುತ್ತೆ. ಯಜಮಾನ ಇಲ್ಲದಿದ್ದರೂ ಪೇಟೆ ಅಳಿದು ಹೋಗಲಿಲ್ಲ. ನೇಕಾರನಿಗೆ ನೂಲು, ಗಾಣಿಗನಿಗೆ ಎಳ್ಳು, ಕೊಳ್ಳುವವನಿಗೆ ದಾರಿ ಇದ್ದರೆ ವ್ಯಾಪಾರ ನಡೆಯುತ್ತೆ. ಸಂಸ್ಥಾಪಕನ ಮುಖ ನೋಡಿ ಯಾರೂ ಎಣ್ಣೆ ಕೊಳ್ಳೋದಿಲ್ಲ.

ಮನೆತನ ಹೋಯಿತು, ಪೇಟೆ ಉಳಿಯಿತು

1565ರಲ್ಲಿ ತಾಳಿಕೋಟೆ ಯುದ್ಧ ನಡೆಯಿತು. ಕೆಂಪೇಗೌಡರನ್ನು ಸೆರೆಗೆ ಹಾಕಿಸಿದ ರಾಮರಾಯ ಅಲ್ಲೇ ಸತ್ತ, ಹಂಪಿ ಹಾಳಾಯಿತು. ಅನುಮತಿ ಕೊಟ್ಟ ಸಾಮ್ರಾಜ್ಯವೇ ಮುರಿದುಬಿತ್ತು. ಕೆಂಪೇಗೌಡರು 1569ರಲ್ಲಿ ತೀರಿಕೊಂಡರು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವ ಸ್ಮಾರಕವನ್ನು ಅವರ ಸಮಾಧಿ ಅಂತ ಗುರುತಿಸಿದ್ದಾರೆ. 1638ರಲ್ಲಿ ಬಿಜಾಪುರದ ಸೇನೆ ಬಂದು ಬೆಂಗಳೂರನ್ನು ಅವರ ವಂಶದ ಕೈಯಿಂದ ಕಿತ್ತುಕೊಂಡಿತು, ಮನೆತನ ಮಾಗಡಿಗೆ ಸರಿಯಿತು. ಆಮೇಲೆ ಶಹಾಜಿ ಬಂದ, ಮೊಘಲರು ಬಂದರು, ಮೈಸೂರಿನ ಒಡೆಯರು, ಹೈದರ್, ಟಿಪ್ಪು, 1791ರಲ್ಲಿ ಬ್ರಿಟಿಷರು. ಒಡೆತನ ಇಷ್ಟು ಸಲ ಬದಲಾದರೂ ಪೇಟೆಯ ಬೀದಿಗಳು ವ್ಯಾಪಾರ ಮಾಡುತ್ತಲೇ ಇದ್ದವು. ಕಂಪನಿ ಮಾರಿ ಹೊರನಡೆಯೋದನ್ನೇ ಗೆಲುವು ಅನ್ನುವ ಕಾಲದಲ್ಲಿ ಇದನ್ನು ಹೇಗೆ ಅಳೆಯೋದು?

ಉತ್ತರ ಬೆಂಗಳೂರಿನಲ್ಲಿ ಇದೇ ಕೆಲಸ ಇನ್ನೊಂದು ಸಲ ನಡೆದದ್ದು ಸ್ವಾತಂತ್ರ್ಯ ಬಂದ ಮೇಲೆ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿ ಕಡೆ ಬಂದವು. ಹಳ್ಳಿಯಿಂದ ಬಂದ ಹುಡುಗರು ಅಲ್ಲಿ ಲೇತ್ ಹಿಡಿಯೋದು, ಅಳತೆ ತಪ್ಪದಂತೆ ಕೊರೆಯೋದು ಕಲಿತರು. ಮುಂದೆ ಯಶವಂತಪುರದ ಆಚೆ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶ ಆದಾಗ ಅಂಥವರಲ್ಲಿ ಎಷ್ಟೋ ಜನ ಎರಡು ಮೆಷಿನ್ ಹಾಕಿಕೊಂಡು ಸಣ್ಣ ಘಟಕ ಶುರು ಮಾಡಿದರು. ಅವರಿಗೆ ಯಾವ ನಾಡಿನ ಕಂದಾಯವೂ ಇರಲಿಲ್ಲ. ಸರ್ಕಾರ ಕಲಿಸಿದ ಕಸುಬು, ಸರ್ಕಾರ ಕೊಟ್ಟ ಶೆಡ್ಡು, ಬ್ಯಾಂಕಿನ ಸಾಲ ಇತ್ತು. ಅಷ್ಟು ನೆಲೆ ಸಿಕ್ಕಿದಾಗ ಧೈರ್ಯ ತಾನಾಗೇ ಬಂತು.

ಹಾಗಾದರೆ ಉದ್ಯಮಿಗೆ ಬೇಕಾದ ಗುಣ ಯಾವುದು ಅಂತ ಯಾರಾದರೂ ಕೇಳಿದರೆ ಕೆಂಪೇಗೌಡರ ಬದುಕು ನೋಡಿ ನಾನು ಹೇಳೋದು ಇಷ್ಟು. ನೆಲ ಮತ್ತು ನೀರು ಓದೋಕೆ ಬರಬೇಕು. ತನಗಿಂತ ಚೆನ್ನಾಗಿ ಕಸುಬು ಗೊತ್ತಿರೋರನ್ನು ಕರೆದು ಅವರಿಗೆ ಜಾಗ ಕೊಡೋ ಮನಸ್ಸು ಇರಬೇಕು. ಗೆರೆ ದಾಟಿದರೆ ಬೆಲೆ ತಾನೇ ಕಟ್ಟಬೇಕು. ತಾನು ಇಲ್ಲದಿದ್ದರೂ ನಡೆಯುವ ಹಾಗೆ ಕಟ್ಟಬೇಕು. ಇವನ್ನೆಲ್ಲ ಒಬ್ಬೊಬ್ಬ ಹುಡುಗ, ಹುಡುಗಿ ಕಲಿಯಬಹುದು. ಆದರೆ ಕೆರೆ, ದಾರಿ, ಪೇಟೆ ಮಾಡಿಕೊಡೋದು ಒಬ್ಬರ ಕೈಯಲ್ಲಿ ಆಗೋದಲ್ಲ. ಅದು ಆಳುವವರ ಕೆಲಸ. ಕೆಂಪೇಗೌಡರು ಆಳುವವರಾಗಿದ್ದರು, ಆ ಕೆಲಸ ಮಾಡಿದರು.

ಈಗ ಆಳುವವರು ಅವರ ಪ್ರತಿಮೆಗೆ ಹಾರ ಹಾಕಿ, ಉದ್ಯಮಿಗಳಾಗಿ ಅಂತ ನಮಗೇ ಹೇಳುತ್ತಿದ್ದಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ತನಕ ಯಾವ ತಳ್ಳುಗಾಡಿಯನ್ನೂ ಎಬ್ಬಿಸುವಂತಿಲ್ಲ. ಯಶವಂತಪುರದಲ್ಲಿ ಸೊಪ್ಪು ಮಾರುವ, ಆರ್.ಟಿ. ನಗರದಲ್ಲಿ ಇಡ್ಲಿ ಗಾಡಿ ಇಟ್ಟಿರುವ ಹೆಂಗಸೂ ಉದ್ಯಮಿಯೇ. ಕೆಂಪೇಗೌಡರಾಗಿದ್ದರೆ ಅವಳಿಗೆ ಒಂದು ಬೀದಿ ಕೊಡುತ್ತಿದ್ದರು. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ, ನಗರವನ್ನೇ ಐದು ಪಾಲಿಕೆಗಳಾಗಿ ಒಡೆದರು. ಬೆಂಗಳೂರು ಉತ್ತರ ಪಾಲಿಕೆಗೆ ಮತ ಕೇಳೋಕೆ ಬಂದವರನ್ನು ಮನೆ ಬಾಗಿಲಲ್ಲಿ ನಿಲ್ಲಿಸಿ ಎರಡೇ ಪ್ರಶ್ನೆ ಕೇಳೋಣ. ನಮ್ಮ ವಾರ್ಡಿನ ರಾಜಕಾಲುವೆ ಎಲ್ಲಿಂದ ಎಲ್ಲಿಗೆ ಹರಿಯುತ್ತೆ? ಗಾಡಿ ಇಟ್ಟು ದುಡಿಯೋರಿಗೆ ಗುರುತಿಸಿದ ಜಾಗ ಯಾವುದು? ಉತ್ತರ ಗೊತ್ತಿಲ್ಲದವರು ಕೆಂಪೇಗೌಡರ ಹೆಸರು ಹೇಳಿಕೊಂಡು ಬಂದರೂ ಮತ ಕೊಡೋದು ಬೇಡ.